ಬಾಯಿಗಿಂತ ಮೊದಲು ಪೆನ್ನು: ತಂಡ ಕೂತು ತೀರ್ಮಾನ ಮಾಡುವುದು ಹೇಗೆ

ಮೀಟಿಂಗ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಕೇಳುತ್ತಾರೆ, "ಹಾಗಾದ್ರೆ ಏಪ್ರಿಲ್ 1ಕ್ಕೆ ಶುರು ಮಾಡಬಹುದು, ಅಲ್ವಾ?" ತಂಡದಲ್ಲಿ ಎಲ್ಲರಿಗಿಂತ ಹಳಬರಾದ ಒಬ್ಬರು "ಮಾಡಬಹುದು ಸಾರ್" ಅನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಮೀಟಿಂಗ್ ಮುಗಿಯುತ್ತದೆ. ನಿಜವಾದ ಮೀಟಿಂಗ್ ಆಮೇಲೆ ಕಾಫಿ ಮಷೀನ್ ಹತ್ತಿರ ನಡೆಯುತ್ತದೆ. "ಏಪ್ರಿಲ್‌ಗೆ ಆಗೋ ಮಾತಾ ಇದು?" ಅಂತ ಒಬ್ಬರು, "ಸುಮ್ನೆ ಯಾಕೆ ಬಾಯಿ ಬಿಡೋದು ಅಂತ ಕೂತಿದ್ದೆ" ಅಂತ ಇನ್ನೊಬ್ಬರು.

ಮೌನವೇ ಸಮ್ಮತಿ ಅನ್ನುವುದು ಮದುವೆ ಮಾತುಕತೆಯಲ್ಲೇ ಎಷ್ಟೋ ಸಲ ಸುಳ್ಳಾಗುತ್ತದೆ. ಪ್ರಾಜೆಕ್ಟಿನಲ್ಲಿ ಅದನ್ನು ನಂಬಿದರೆ ಮುಗೀತು.

ಗುಂಪಾಗಿ ತೀರ್ಮಾನ ಮಾಡಲು, ಸಮಸ್ಯೆ ಬಿಡಿಸಲು ಹತ್ತಾರು ವಿಧಾನಗಳಿವೆ. ಹೆಸರುಗಳೂ ಭಾರೀ ಭಾರೀ. ಆದರೆ ನಿಜಕ್ಕೂ ಕೆಲಸ ಮಾಡುವ ಹೆಚ್ಚಿನ ವಿಧಾನಗಳ ಗುಟ್ಟು ಒಂದೇ. ಬೇರೆಯವರ ಮಾತು ಕಿವಿಗೆ ಬೀಳುವ ಮೊದಲೇ ಪ್ರತಿಯೊಬ್ಬರೂ ತಮಗೆ ಅನ್ನಿಸಿದ್ದನ್ನು ಬರೆದಿಡಬೇಕು. ಅದನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಮಾಡುವುದು ಅಂತ ನೋಡೋಣ.

ಉದಾಹರಣೆಗೆ ಒಂದು ಕಾಲ್ಪನಿಕ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಒಂದು ಹಾಲು ಒಕ್ಕೂಟದ 200 ಹಳ್ಳಿ ಡೈರಿಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕು. ರೈತರು ಬೆಳಿಗ್ಗೆ, ಸಂಜೆ ಹಾಲು ತರುತ್ತಾರೆ. ಅಳತೆ ಆಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ) ನೋಡುತ್ತಾರೆ, ಚೀಟಿ ಬರುತ್ತದೆ. ಆ ಲೆಕ್ಕದ ಮೇಲೆ ಬಟವಾಡೆ. ತಂಡದಲ್ಲಿ 9 ಜನ. ಮೊದಲು 10 ಡೈರಿಗಳಲ್ಲಿ ಪ್ರಯೋಗ ನಡೆದಿದೆ. ಅದರಲ್ಲಿ 3 ಕಡೆ ಚೀಟಿಗೂ ಬಿಲ್ಲಿಗೂ ತಾಳೆ ಆಗುತ್ತಿಲ್ಲ.

ಹೆಜ್ಜೆ 1: ಇದಕ್ಕೆ ಗುಂಪು ಬೇಕಾ?

ಎಲ್ಲದಕ್ಕೂ ಎಲ್ಲರನ್ನೂ ಕೂರಿಸುವುದು ಪ್ರಜಾಪ್ರಭುತ್ವ ಅಲ್ಲ, ಟೈಮ್ ವೇಸ್ಟ್. ಚೀಟಿಯ ಮೇಲೆ ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಒಬ್ಬರು ತೀರ್ಮಾನಿಸಲಿ. ತಪ್ಪಾದರೆ ನಾಳೆ ಬದಲಾಯಿಸಿದರಾಯಿತು.

ಜೆಫ್ ಬೆಜೋಸ್ ಅಮೆಜಾನ್ ಷೇರುದಾರರಿಗೆ ಬರೆದ 2015ರ ಪತ್ರದಲ್ಲಿ ಇದನ್ನು ಬಾಗಿಲುಗಳ ಲೆಕ್ಕದಲ್ಲಿ ಹೇಳಿದ್ದರು. ಕೆಲವು ಬಾಗಿಲು ದಾಟಿದರೆ ವಾಪಸ್ ಬರಲಾಗದು. ಕೆಲವಕ್ಕೆ ಎರಡೂ ಕಡೆಯಿಂದ ದಾರಿ ಇರುತ್ತದೆ. ಎರಡನೆಯ ಥರದ್ದನ್ನು ಬೇಗ ಮುಗಿಸಿ. ಮೊದಲನೆಯದಕ್ಕೆ ಮಾತ್ರ ಜನ ಸೇರಿಸಿ.

ನಾಯಕತ್ವದ ಬಗ್ಗೆ ಸಂಶೋಧನೆ ಮಾಡಿದ ವಿಕ್ಟರ್ ವ್ರೂಮ್ ಮತ್ತು ಫಿಲಿಪ್ ಯೆಟನ್ 1973ರಲ್ಲೇ ಇದಕ್ಕೊಂದು ಪ್ರಶ್ನೆಗಳ ಸರಣಿ ಕೊಟ್ಟಿದ್ದಾರೆ. ಅದರ ಸಾರವನ್ನು ಮೂರು ಪ್ರಶ್ನೆಗಳಲ್ಲಿ ಹಿಡಿಯಬಹುದು. ಬೇಕಾದ ಮಾಹಿತಿ ನನ್ನೊಬ್ಬನ ಹತ್ತಿರ ಇದೆಯಾ? ತಂಡ ಮನಸ್ಸಿನಿಂದ ಒಪ್ಪದೆ ಇದು ಜಾರಿಯಾಗುತ್ತದಾ? ತಂಡದ ಗುರಿ ಮತ್ತು ಪ್ರಾಜೆಕ್ಟಿನ ಗುರಿ ಒಂದೇನಾ? ಮೊದಲ ಎರಡಕ್ಕೆ ಉತ್ತರ "ಇಲ್ಲ" ಆದರೆ ಜನರನ್ನು ಕರೆಯಿರಿ. ಮೂರನೆಯದಕ್ಕೂ "ಇಲ್ಲ" ಅಂತಾದರೆ ಎಲ್ಲರ ಮಾತು ಕೇಳಿ, ಆದರೆ ಕೊನೆಯ ತೀರ್ಮಾನ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಕರೆಯುವಾಗಲೇ ಇನ್ನೊಂದು ವಿಷಯ ಸ್ಪಷ್ಟ ಮಾಡಿ. ಕೊನೆಗೆ ತೀರ್ಮಾನ ಯಾರದು? "ಎಲ್ಲರ ಮಾತು ಕೇಳಿ ನಾನು ತೀರ್ಮಾನಿಸುತ್ತೇನೆ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. "ಓಟು ಹಾಕೋಣ" ಅಂದರೂ ಸರಿ. ಮೊದಲೇ ತೀರ್ಮಾನ ಮಾಡಿಟ್ಟುಕೊಂಡು ಓಟಿನ ನಾಟಕ ಆಡಿದರೆ ಮಾತ್ರ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಹೆಜ್ಜೆ 2: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ರೋಲ್‌ಔಟ್ (ಎಲ್ಲ ಕಡೆ ಜಾರಿ) ಬಗ್ಗೆ ಚರ್ಚೆ" ಅಂತ ಮೀಟಿಂಗ್ ಕರೆದರೆ ಒಂದು ಗಂಟೆ ಕಳೆದು ಪ್ರಿಂಟರ್ ಪೇಪರ್ ಬಗ್ಗೆ ಮಾತಾಡುತ್ತಿರುತ್ತೀರಿ. "ಏಪ್ರಿಲ್ 1ಕ್ಕೆ ಎಲ್ಲ ಕಡೆ ಶುರು ಮಾಡೋಣವಾ ಬೇಡವಾ?" ಅನ್ನುವುದೂ ಸರಿಯಾದ ಪ್ರಶ್ನೆಯಲ್ಲ. ಅದರಲ್ಲಿ ಎರಡೇ ದಾರಿ ಇವೆ, ಅವೂ ಕೇಳುವವರು ಹಾಕಿಕೊಟ್ಟ ದಾರಿಗಳು.

ಹೀಗೆ ಬರೆದು ನೋಡಿ: "ಒಬ್ಬ ರೈತರ ಬಟವಾಡೆಯೂ ತಪ್ಪದ ಹಾಗೆ 200 ಡೈರಿಗಳಲ್ಲಿ ಹೊಸ ಸಾಫ್ಟ್‌ವೇರ್ ಶುರು ಮಾಡುವುದು ಹೇಗೆ?" ಏನನ್ನು ಕಾಪಾಡಬೇಕು ಅನ್ನುವುದು ಇದರಲ್ಲಿದೆ. ದಾರಿ ಮಾತ್ರ ತೆರೆದಿದೆ. ಹಿಂದಿನ ದಿನವೇ ಇದನ್ನು ಎಲ್ಲರಿಗೂ ಕಳಿಸಿ.

ಹೆಜ್ಜೆ 3: ಕಾರಣ ಗೊತ್ತಿಲ್ಲದಿದ್ದರೆ ಮೊದಲು ಕಾರಣ ಹುಡುಕಿ

ಚೀಟಿಗೂ ಬಿಲ್ಲಿಗೂ ಯಾಕೆ ತಾಳೆ ಆಗುತ್ತಿಲ್ಲ ಅಂತ ತಿಳಿಯದೆ ರೋಲ್‌ಔಟ್ ತೀರ್ಮಾನ ಮಾಡುವುದರಲ್ಲಿ ಅರ್ಥವಿಲ್ಲ. ಇಲ್ಲಿ ಟೊಯೋಟಾದಿಂದ ಬಂದ "ಐದು ಸಲ ಯಾಕೆ" ಸಾಕು.

ಬಿಲ್ಲು ಯಾಕೆ ತಪ್ಪಿತು? ಸಂಜೆಯ ಹಾಲು ಮರುದಿನದ ಲೆಕ್ಕಕ್ಕೆ ಹೋಗಿದೆ. ಯಾಕೆ ಹೋಯಿತು? ಆ ದಾಖಲೆ ಸರ್ವರ್‌ಗೆ ಮರುದಿನ ಮುಟ್ಟಿದೆ. ಯಾಕೆ? ಸಂಜೆ ಕರೆಂಟ್ ಹೋಗಿ ನೆಟ್ ಇರಲಿಲ್ಲ. ತಡವಾದರೆ ತಾರೀಖು ಯಾಕೆ ಬದಲಾಗಬೇಕು? ಹಾಲು ಅಳೆದ ಹೊತ್ತಿನ ಬದಲು ಸರ್ವರ್‌ಗೆ ಮುಟ್ಟಿದ ಹೊತ್ತನ್ನೇ ತಾರೀಖು ಅಂತ ಹಿಡಿದಿದ್ದೇವೆ. ಹಾಗೆ ಯಾಕೆ ಮಾಡಿದೆವು? ನೆಟ್ ಯಾವಾಗಲೂ ಇರುತ್ತದೆ ಅಂದುಕೊಂಡು ವಿನ್ಯಾಸ ಮಾಡಿದ್ದೆವು. ಹಳ್ಳಿಯ ಡೈರಿಯವರನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ಒಂದು ಗುಂಡಿ ಇದೆ. ಎರಡನೇ "ಯಾಕೆ"ಗೇ ಯಾರೋ "ಡೈರಿ ಸೆಕ್ರೆಟರಿಗೆ ಟ್ರೈನಿಂಗ್ ಸರಿ ಆಗಿಲ್ಲ" ಅಂದುಬಿಡುತ್ತಾರೆ. ಎಲ್ಲರಿಗೂ ನಿರಾಳ. ಉತ್ತರ ಒಬ್ಬ ಮನುಷ್ಯನ ಮೇಲೆ ಬಂದು ನಿಂತರೆ ಅಲ್ಲಿಗೆ ನಿಲ್ಲಿಸಬೇಡಿ. "ಅವರು ತಪ್ಪು ಮಾಡಲು ನಮ್ಮ ವ್ಯವಸ್ಥೆ ಯಾಕೆ ಬಿಟ್ಟಿತು?" ಅಂತ ಇನ್ನೊಂದು ಸಲ ಕೇಳಿ.

ಒಂದೇ ದಾರಿಯಲ್ಲಿ ಕಾರಣ ಸಿಗದಿದ್ದರೆ ಜಪಾನಿನ ಕವೊರು ಇಶಿಕಾವಾ ಅವರ ಮೀನಿನ ಮೂಳೆಯ ಚಿತ್ರ ಬರೆಯಿರಿ. ತಲೆಯ ಜಾಗದಲ್ಲಿ ಸಮಸ್ಯೆ, ಮೂಳೆಗಳ ಜಾಗದಲ್ಲಿ ಕಾರಣದ ಗುಂಪುಗಳು. ಕಾರ್ಖಾನೆಗೆ ಮಾಡಿದ ಗುಂಪುಗಳನ್ನೇ ತಂದು ಅಂಟಿಸಬೇಡಿ. ನಮ್ಮ ಪ್ರಾಜೆಕ್ಟಿಗೆ ಕರೆಂಟ್ ಮತ್ತು ನೆಟ್, ಅಳತೆಯ ಯಂತ್ರ, ಸಾಫ್ಟ್‌ವೇರ್, ಡೈರಿಯ ದಿನಚರಿ, ಒಕ್ಕೂಟದ ನಿಯಮ, ಇಷ್ಟು ಸಾಕು. ಇಲ್ಲಿಯೂ ಮೊದಲು ಎಲ್ಲರೂ ಚೀಟಿಯಲ್ಲಿ ಬರೆದು, ಆಮೇಲೆ ಬೋರ್ಡಿಗೆ ಅಂಟಿಸಲಿ.

ಹೆಜ್ಜೆ 4: ಐಡಿಯಾ ಬರೆಸಿ, ಕೂಗಿಸಬೇಡಿ

ಇದೇ ಇಡೀ ಕೆಲಸದ ಹೃದಯ. ನಿಧಾನವಾಗಿ ನೋಡೋಣ.

ಗುಂಪಾಗಿ ಕೂತು ತೋಚಿದ ಐಡಿಯಾಗಳನ್ನೆಲ್ಲ ಹೇಳುವ ಬ್ರೈನ್‌ಸ್ಟಾರ್ಮಿಂಗ್ ಎಲ್ಲರಿಗೂ ಗೊತ್ತು. ಅಮೆರಿಕದ ಜಾಹೀರಾತು ಕಂಪನಿ ಬಿಬಿಡಿಒದ ಅಲೆಕ್ಸ್ ಆಸ್ಬಾರ್ನ್ ಇದನ್ನು ಜನಪ್ರಿಯ ಮಾಡಿದರು. ಟೀಕೆ ಬೇಡ, ಎಷ್ಟು ಜಾಸ್ತಿ ಐಡಿಯಾ ಬಂದರೆ ಅಷ್ಟು ಒಳ್ಳೆಯದು ಅನ್ನುವುದು ಅವರ ನಿಯಮ. ಕೇಳಲು ಚೆನ್ನಾಗಿದೆ. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ನೋಡಿದರು. ಒಟ್ಟಿಗೆ ಕೂತು ಮಾತಾಡಿದವರಿಗಿಂತ, ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದಾಗ ಐಡಿಯಾ ಜಾಸ್ತಿ ಬಂದವು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಅದರ ಮುಖ್ಯ ಕಾರಣವನ್ನೂ ತೋರಿಸಿದರು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಾಗ ತಮ್ಮ ಐಡಿಯಾ ಮರೆತುಹೋಗುತ್ತದೆ, ಅಥವಾ "ಹೇಳೋದು ಬೇಡ ಬಿಡು" ಅನ್ನಿಸುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ದೊಡ್ಡವರು ಮಾತಾಡಿದ ಮೇಲೆ ಬೇರೆ ಮಾತು ಆಡುವುದು ಹೇಗೆ ಅನ್ನುವ ಸಂಕೋಚ.

ಇದಕ್ಕೆ ಪರಿಹಾರವಾಗಿ ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ ರೂಪಿಸಿದ್ದು ನಾಮಿನಲ್ ಗ್ರೂಪ್ ಟೆಕ್ನಿಕ್. ಹೆಸರು ನೋಡಿ ಹೆದರಬೇಡಿ. ಮಾಡುವುದು ತುಂಬಾ ಸುಲಭ.

ಮೊದಲ 10 ನಿಮಿಷ ಸಂಪೂರ್ಣ ಮೌನ. ಪ್ರಶ್ನೆ ಬೋರ್ಡಿನ ಮೇಲಿದೆ. ಪ್ರತಿಯೊಬ್ಬರೂ ತಮ್ಮ ಐಡಿಯಾಗಳನ್ನು ಹಾಳೆಯಲ್ಲಿ ಬರೆಯುತ್ತಾರೆ. ಮೂರನೇ ನಿಮಿಷಕ್ಕೇ ಪೆನ್ನು ಕೆಳಗಿಡುವವರು ಇರುತ್ತಾರೆ. ಅವರು ಪಕ್ಕದವರ ಜೊತೆ ಮಾತಿಗೆ ಶುರುಮಾಡದ ಹಾಗೆ ನೋಡಿಕೊಳ್ಳಿ.

ಆಮೇಲೆ ಸರದಿ. ಒಬ್ಬೊಬ್ಬರೂ ಒಂದು ಸುತ್ತಿಗೆ ಒಂದೇ ಐಡಿಯಾ ಹೇಳಬೇಕು. ನೀವು ಅವರದೇ ಮಾತಿನಲ್ಲಿ ಬೋರ್ಡಿಗೆ ಬರೆಯಿರಿ, ತಿದ್ದಬೇಡಿ. ವಾದ ಬೇಡ, ಹೊಗಳಿಕೆಯೂ ಬೇಡ. ಸರದಿ ಯಾವಾಗಲೂ ತಂಡಕ್ಕೆ ಹೊಸದಾಗಿ ಬಂದವರಿಂದ ಶುರುವಾಗಲಿ, ಅತಿ ಹಿರಿಯರು ಕೊನೆಗೆ ಬರಲಿ. ಮ್ಯಾನೇಜರ್ ಅವರಿಗೂ ಆಮೇಲೆ. ಇದೊಂದನ್ನು ಮಾಡಿದರೂ ನಿಮ್ಮ ಮೀಟಿಂಗ್ ಬದಲಾಗುತ್ತದೆ.

ಮೂರನೆಯದು ಅರ್ಥ ಮಾಡಿಕೊಳ್ಳುವುದು. "ರೂಟ್ ಪ್ರಕಾರ ಶುರು ಮಾಡೋಣ ಅಂದರೆ ಏನು?" ಅಂತ ಕೇಳಬಹುದು. "ಅದು ಆಗಲ್ಲ" ಅನ್ನುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಅದನ್ನು ಬರೆದವರು ಫೀಲ್ಡ್‌ನಲ್ಲಿ ಓಡಾಡುವ ಹುಡುಗ ಅಂದುಕೊಳ್ಳಿ. ಹಾಲಿನ ವ್ಯಾನ್ ಒಂದು ರೂಟಿನ ಡೈರಿಗಳನ್ನೆಲ್ಲ ಒಂದೇ ಸುತ್ತಿನಲ್ಲಿ ಮುಟ್ಟುತ್ತದೆ. ಹಾಗಾಗಿ ಆ ರೂಟಿನ ಡೈರಿಗಳನ್ನು ಒಟ್ಟಿಗೆ ಶುರು ಮಾಡಿದರೆ ನಮ್ಮ ಜನವೂ ಅದೇ ದಾರಿಯಲ್ಲಿ ಹೋಗಿ ಬರಬಹುದು ಅನ್ನುವುದು ಅವನ ಲೆಕ್ಕ. ಬಾಯಿ ಮಾತಿನ ಮೀಟಿಂಗ್‌ನಲ್ಲಿ ಈ ಐಡಿಯಾ ಹೊರಗೆ ಬರುತ್ತಲೇ ಇರಲಿಲ್ಲ.

ಕೊನೆಗೆ ಗುಟ್ಟಿನ ಅಂಕ. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಐದನ್ನು ಆರಿಸಿ 5ರಿಂದ 1ರವರೆಗೆ ಅಂಕ ಕೊಟ್ಟು ಚೀಟಿ ಮಡಚಿ ಕೊಡುತ್ತಾರೆ. ಕೂಡಿಸಿ. ಹೆಚ್ಚು ಅಂಕ ಬಂದ ಎರಡು ಮೂರರ ಮೇಲೆ ಮಾತ್ರ ಈಗ ಬಾಯಿ ಬಿಟ್ಟು ವಾದ ಮಾಡಿ. ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯಬಹುದು. ತಂಡ ಬೇರೆ ಬೇರೆ ಊರಲ್ಲಿದ್ದರೆ ಕಾಲ್‌ಗೆ ಮೊದಲೇ ಒಂದು ಫಾರಂನಲ್ಲಿ ಬರೆಸಿ. ಚಾಟ್‌ನಲ್ಲಿ ಬರೆಸುವುದಾದರೆ ಎಲ್ಲರೂ ಟೈಪ್ ಮಾಡಿಟ್ಟುಕೊಂಡು, ನೀವು ಹೇಳಿದಾಗ ಒಟ್ಟಿಗೆ ಎಂಟರ್ ಒತ್ತಲಿ.

ಹೆಜ್ಜೆ 5: ಎಷ್ಟು ದಿನ ಬೇಕು ಅಂತ ಕೇಳುವಾಗ

ಅಂದಾಜು ಹೇಳುವಾಗ ಮೊದಲು ಬಾಯಿಗೆ ಬಂದ ಸಂಖ್ಯೆಗೆ ಎಲ್ಲರೂ ಅಂಟಿಕೊಳ್ಳುತ್ತಾರೆ. ಲೀಡ್ "ಎರಡು ವಾರ" ಅಂದರೆ ಆರು ವಾರ ಅಂದುಕೊಂಡಿದ್ದವರೂ "ಮೂರು ವಾರ ಆಗಬಹುದೇನೋ" ಅನ್ನುತ್ತಾರೆ.

ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಹುಟ್ಟಿದ ಡೆಲ್ಫಿ ವಿಧಾನ ಇದಕ್ಕೇ ಇದೆ. ಪರಿಣತರಿಂದ ಹೆಸರು ಹೊರಗೆ ಬಾರದ ಹಾಗೆ ಉತ್ತರ ಪಡೆದು, ಎಲ್ಲರ ಉತ್ತರವನ್ನೂ ಎಲ್ಲರಿಗೂ ತೋರಿಸಿ, ಮತ್ತೆ ಕೇಳುವುದು. ಸಾಫ್ಟ್‌ವೇರ್ ತಂಡಗಳು ಬಳಸುವ ಪ್ಲಾನಿಂಗ್ ಪೋಕರ್ ಕೂಡ ಇದೇ ಜಾಡಿನದು. ಅದನ್ನು 2002ರಲ್ಲಿ ಜೇಮ್ಸ್ ಗ್ರೆನಿಂಗ್ ರೂಪಿಸಿದರು. ಎಲ್ಲರೂ ತಮ್ಮ ಸಂಖ್ಯೆಯ ಕಾರ್ಡನ್ನು ಒಟ್ಟಿಗೆ ತಿರುಗಿಸಬೇಕು. ಒಬ್ಬರದು 3, ಇನ್ನೊಬ್ಬರದು 13 ಬಂದರೆ ಅವರಿಬ್ಬರೇ ಮೊದಲು ಮಾತಾಡಬೇಕು. 13 ಹೇಳಿದವರಿಗೆ ಹಳೆಯ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ಕೆಲಸ ನೆನಪಿತ್ತು, 3 ಹೇಳಿದವರಿಗೆ ಇರಲಿಲ್ಲ ಅನ್ನುವುದು ಆಗ ಹೊರಬರುತ್ತದೆ.

ಎರಡನ್ನೂ ಕೂಡಿಸಿ ಭಾಗಿಸಿ 8 ಅಂತ ಬರೆದುಕೊಳ್ಳುವವರಿದ್ದಾರೆ. ಹಾಗೆ ಮಾಡುವುದಾದರೆ ಕಾರ್ಡ್ ಯಾಕೆ ಬೇಕು? ಅಂತರ ಎಲ್ಲಿಂದ ಬಂತು ಅಂತ ತಿಳಿದು ಮತ್ತೆ ಕಾರ್ಡ್ ತಿರುಗಿಸಿ.

ಹೆಜ್ಜೆ 6: ಆರಿಸುವುದು

ಇಲ್ಲಿ ಓಟಿನ ಲೆಕ್ಕ ಮೋಸ ಮಾಡುತ್ತದೆ. ನಮ್ಮ 9 ಜನರ ಮುಂದೆ ಮೂರು ಆಯ್ಕೆಗಳಿವೆ ಅಂದುಕೊಳ್ಳಿ. 200 ಡೈರಿ ಒಂದೇ ಸಲ, ತಾಲ್ಲೂಕು ತಾಲ್ಲೂಕಾಗಿ, ರೂಟ್ ರೂಟ್ ಆಗಿ. ಕೈ ಎತ್ತಿಸಿದರೆ ಒಂದೇ ಸಲಕ್ಕೆ 4, ತಾಲ್ಲೂಕಿಗೆ 3, ರೂಟಿಗೆ 2. "ಒಂದೇ ಸಲ" ಗೆದ್ದಿತು. ಆದರೆ ಹಂತ ಹಂತವಾಗಿ ಮಾಡಬೇಕು ಅನ್ನುವವರು 5 ಜನ ಇದ್ದಾರಲ್ಲ! ಅವರ ಓಟು ಒಡೆದುಹೋಯಿತು ಅಷ್ಟೇ.

ಹಾಗಾಗಿ ಮೂರು ಅಥವಾ ಹೆಚ್ಚು ಆಯ್ಕೆ ಇದ್ದರೆ ಎಲ್ಲವನ್ನೂ ಕ್ರಮವಾಗಿ ಬರೆಸಿ. 18ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಬೋರ್ಡಾ ತೋರಿಸಿದ ಲೆಕ್ಕ ಸರಳ. ಮೊದಲ ಆಯ್ಕೆಗೆ 2, ಎರಡನೆಯದಕ್ಕೆ 1, ಕೊನೆಯದಕ್ಕೆ 0. ಹಂತದವರು ಇನ್ನೊಂದು ಹಂತದ ದಾರಿಯನ್ನೇ ಎರಡನೆಯದಾಗಿ ಬರೆದು, "ಒಂದೇ ಸಲ" ಅಂದ ನಾಲ್ವರ ಎರಡನೇ ಆಯ್ಕೆ ಅರ್ಧ ತಾಲ್ಲೂಕಿಗೆ, ಅರ್ಧ ರೂಟಿಗೆ ಹೋಯಿತು ಅನ್ನಿ. ಆಗ ತಾಲ್ಲೂಕಿಗೆ 10, ರೂಟಿಗೆ 9, ಒಂದೇ ಸಲಕ್ಕೆ 8. ಮೊದಲು ಗೆದ್ದದ್ದು ಈಗ ಕೊನೆಗೆ ಬಂತು. ಜನ ಅವರೇ, ಮನಸ್ಸೂ ಅದೇ, ಎಣಿಸಿದ ರೀತಿ ಮಾತ್ರ ಬೇರೆ.

ಖರ್ಚು, ಅಪಾಯ, ಸಮಯ ಅಂತ ಕಾಲಂ ಹಾಕಿ ತೂಕ ಕೊಟ್ಟು ಎಕ್ಸೆಲ್‌ನಲ್ಲಿ ಅಂಕ ತೆಗೆಯುವ ವಿಧಾನವೂ ಇದೆ. ಟೆಂಡರ್, ವೆಂಡರ್ ಆಯ್ಕೆಗೆ ಅದು ಬೇಕೇ ಬೇಕು, ನಾಳೆ ಯಾರಾದರೂ ಕೇಳಿದರೆ ತೋರಿಸಲು ಕಾಗದ ಇರುತ್ತದೆ. ಆದರೆ ತೂಕವನ್ನು ಆಯ್ಕೆಗಳನ್ನು ನೋಡುವ ಮೊದಲೇ ಗೊತ್ತು ಮಾಡಿ. ಇಲ್ಲದಿದ್ದರೆ ತಮಗೆ ಬೇಕಾದ್ದು ಗೆಲ್ಲುವವರೆಗೆ ತೂಕ ತಿದ್ದುತ್ತಾ ಕೂರುತ್ತಾರೆ.

ಆರಿಸಿದ ಮೇಲೆ ಒಂದು ಸಣ್ಣ ಪರೀಕ್ಷೆ. ಎಲ್ಲರೂ ಒಂದೇ ಸಲಕ್ಕೆ ಬೆರಳು ತೋರಿಸಲಿ. 5 ಅಂದರೆ ಪೂರ್ತಿ ಒಪ್ಪಿಗೆ, 3 ಅಂದರೆ "ಇಷ್ಟವಿಲ್ಲದಿದ್ದರೂ ಜೊತೆಗಿರುತ್ತೇನೆ", ಮುಷ್ಟಿ ಅಂದರೆ "ನಿಲ್ಲಿಸಿ". 2ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇರುವವರನ್ನು "ಯಾಕೆ?" ಅಂತ ಕೇಳಬೇಡಿ, ಅದು ವಿಚಾರಣೆಯ ಥರ ಕೇಳಿಸುತ್ತದೆ. "ಏನು ಬದಲಾದರೆ ನಿಮ್ಮದು 3 ಆಗುತ್ತದೆ?" ಅಂತ ಕೇಳಿ. ಹೆಚ್ಚಿನ ಸಲ ಅವರು ಕೇಳುವುದು ಸಣ್ಣ ಬದಲಾವಣೆ. "ಹಳೆಯ ಪುಸ್ತಕದಲ್ಲೂ ಒಂದು ತಿಂಗಳು ಬರೆಯೋಣ" ಅನ್ನುವಂಥದ್ದು.

ಹೆಜ್ಜೆ 7: ಕೆಟ್ಟುಹೋಯಿತು ಅಂದುಕೊಂಡು ನೋಡಿ

1986ರ ಜನವರಿ 27ರ ಸಂಜೆ ಅಮೆರಿಕದಲ್ಲಿ ಒಂದು ಕಾನ್ಫರೆನ್ಸ್ ಕಾಲ್ ನಡೆಯಿತು. ಮರುದಿನ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕಿತ್ತು. ರಾಕೆಟ್ ಬೂಸ್ಟರ್ ಮಾಡಿದ ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರ್‌ಗಳು ಈ ಚಳಿಯಲ್ಲಿ ಬೇಡ ಅಂದರು. ಬೂಸ್ಟರಿನ ಜೋಡಣೆಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಗೆ ಗಟ್ಟಿಯಾಗುತ್ತವೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಅಂದರು. ನಾಸಾದವರು ಒಪ್ಪಲಿಲ್ಲ. ಕಂಪನಿಯವರು ಲೈನ್ ಮ್ಯೂಟ್ ಮಾಡಿ ತಮ್ಮೊಳಗೆ ಮಾತಾಡಿಕೊಂಡರು. ಅಲ್ಲಿ ಒಬ್ಬ ಹಿರಿಯ ಅಧಿಕಾರಿ ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಅಂದರು. ನಾಲ್ವರು ಮ್ಯಾನೇಜರ್‌ಗಳು ಮಾತ್ರ ಓಟು ಹಾಕಿದರು. ಲೈನಿಗೆ ವಾಪಸ್ ಬಂದು "ಹಾರಿಸಬಹುದು" ಅಂದಾಗ, ಯಾರದಾದರೂ ಭಿನ್ನಾಭಿಪ್ರಾಯ ಇದೆಯಾ ಅಂತ ನಾಸಾ ಕಡೆಯಿಂದ ಕೇಳಲಾಯಿತು. ಯಾರೂ ಮಾತಾಡಲಿಲ್ಲ. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಒಳಗಿದ್ದ 7 ಜನ ತೀರಿಕೊಂಡರು.

"ಬೇರೆ ಏನಾದರೂ ಹೇಳೋದಿದೆಯಾ?" ಅನ್ನುವ ಪ್ರಶ್ನೆ ಎಷ್ಟು ದುರ್ಬಲ ಅಂತ ಇದರಿಂದ ಗೊತ್ತಾಗುತ್ತದೆ. ಅದಕ್ಕೆ ಉತ್ತರಿಸಲು ಒಬ್ಬರು ಇಡೀ ಗುಂಪಿಗೆ ಎದುರಾಗಿ ನಿಲ್ಲಬೇಕು.

ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿದ "ಪ್ರೀಮಾರ್ಟಮ್" ಅನ್ನುವ ವಿಧಾನ ಆ ಪ್ರಶ್ನೆಯನ್ನೇ ತಿರುಗಿಸುತ್ತದೆ. ತೀರ್ಮಾನ ಆದ ಮೇಲೆ, ಕೆಲಸ ಶುರುವಾಗುವ ಮೊದಲು ತಂಡವನ್ನು ಕೂರಿಸಿ ಹೀಗೆ ಹೇಳಿ: "ಇವತ್ತು ಅಕ್ಟೋಬರ್ 1 ಅಂದುಕೊಳ್ಳಿ. ಪ್ರಾಜೆಕ್ಟ್ ಪೂರ್ತಿ ಕೆಟ್ಟುಹೋಗಿದೆ. ರೈತರು ಒಕ್ಕೂಟದ ಮುಂದೆ ಹಾಲು ಚೆಲ್ಲಿ ಧರಣಿ ಕೂತಿದ್ದಾರೆ. ಹೀಗಾಗಲು ಏನು ಕಾರಣ? ಐದು ನಿಮಿಷ ಬರೆಯಿರಿ." ಈಗ ತಪ್ಪು ಹುಡುಕುವುದೇ ಒಪ್ಪಿಸಿದ ಕೆಲಸ. ಬರೆದವರು ಅಡ್ಡಗಾಲು ಹಾಕುವವರಲ್ಲ, ಜಾಣರು. ಸುಮ್ಮನಿದ್ದವರ ಹಾಳೆಯಿಂದಲೇ ಎಷ್ಟೋ ವಿಷಯ ಬರುತ್ತವೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರುವುದಿಲ್ಲ, ಸಹಕಾರ ಸಂಘದ ಚುನಾವಣೆ ಬಂದು ಸೆಕ್ರೆಟರಿ ಬದಲಾಗುತ್ತಾರೆ, ಚೀಟಿಯ ಅಕ್ಷರ ವಯಸ್ಸಾದವರಿಗೆ ಕಾಣುವುದಿಲ್ಲ. ಅಕ್ಷರದ ಗಾತ್ರ ಸಣ್ಣ ವಿಷಯ ಅಂತ ಮೇಲೆ ಬರೆದೆ, ಬದಲಾಯಿಸಲು ಸುಲಭ ಅನ್ನುವುದು ಈಗಲೂ ನಿಜವೇ. ಪಟ್ಟಿಯಲ್ಲಿ ದೊಡ್ಡದೆನ್ನಿಸಿದ ಮೂರು ನಾಲ್ಕಕ್ಕೆ ಇವತ್ತೇ ಏನು ಮಾಡಬಹುದು, ಯಾರು ಮಾಡುತ್ತಾರೆ ಅಂತ ಬರೆದು ಏಳಿ.

ಇದೇ ದಿಕ್ಕಿನ ಯೋಚನೆಗೆ ನಮ್ಮ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಸರಿಯಾಗಿ ಇಳಿಯಲಿಲ್ಲ. ಮುಂದಿನದನ್ನು ಇಸ್ರೋ ವೈಫಲ್ಯವನ್ನೇ ಆಧಾರವಾಗಿಟ್ಟುಕೊಂಡು ವಿನ್ಯಾಸ ಮಾಡಿತು. ಏನೇನು ಕೆಡಬಹುದು, ಕೆಟ್ಟರೂ ಇಳಿಯುವುದು ಹೇಗೆ ಅಂತ ಯೋಚಿಸಿದೆವು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ ಸುಮಾರು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಚಂದ್ರಯಾನ-3 2023ರ ಆಗಸ್ಟ್ 23ರಂದು ಇಳಿಯಿತು.

ಹೆಜ್ಜೆ 8: ಮ್ಯಾನೇಜರ್ ಬಾಯಿ

ಈ ವಿಧಾನಗಳನ್ನೆಲ್ಲ ಒಂದೇ ನಿಮಿಷದಲ್ಲಿ ಹಾಳು ಮಾಡುವ ಶಕ್ತಿ ಇರುವುದು ಮ್ಯಾನೇಜರ್‌ಗೆ ಮಾತ್ರ. "ನನಗೇನೋ ತಾಲ್ಲೂಕು ಪ್ರಕಾರವೇ ಸರಿ ಅನ್ನಿಸುತ್ತೆ, ಆದರೂ ನೀವು ಹೇಳಿ" ಅಂದರೆ ಮುಗಿಯಿತು, ಎಲ್ಲರ ಹಾಳೆಯಲ್ಲೂ ತಾಲ್ಲೂಕೇ ಇರುತ್ತದೆ. 1961ರಲ್ಲಿ ಕ್ಯೂಬಾ ಮೇಲೆ ನಡೆದ ಬೇ ಆಫ್ ಪಿಗ್ಸ್ ದಾಳಿಯ ಎಡವಟ್ಟಿನ ನಂತರ ಅಮೆರಿಕದ ಅಧ್ಯಕ್ಷ ಕೆನಡಿ ಸಭೆಯ ರೀತಿಯನ್ನೇ ಬದಲಾಯಿಸಿದರು. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಸಲಹೆಗಾರರು ಮುಕ್ತವಾಗಿ ಮಾತಾಡಲಿ ಅಂತ ಕೆಲವು ಸಭೆಗಳಿಂದ ತಾವೇ ದೂರ ಉಳಿದರು. ನೀವೂ ಐಡಿಯಾ ಬರೆಸುವ ಹೊತ್ತಿಗೆ ಮೀಟಿಂಗನ್ನು ಬೇರೆ ಟೀಮಿನವರ ಕೈಗೆ ಕೊಟ್ಟು ಹೊರಗೆ ಹೋಗಿ ಬನ್ನಿ. ಮನಸ್ಸು ತಡೆಯದಿದ್ದರೆ ಕನಿಷ್ಠ ನೋಟ್ಸ್ ಬರೆಯುವ ಕೆಲಸ ತೆಗೆದುಕೊಳ್ಳಿ. ಕೈಗೆ ಕೆಲಸ ಇದ್ದರೆ ಬಾಯಿ ಸುಮ್ಮನಿರುತ್ತದೆ.

ಹೆಜ್ಜೆ 9: ಬರೆದಿಡಿ

ಮೀಟಿಂಗ್ ಮುಗಿದ ದಿನವೇ ಅರ್ಧ ಪುಟ ಸಾಕು. ಏನು ತೀರ್ಮಾನವಾಯಿತು, ಯಾವ ಆಯ್ಕೆಗಳನ್ನು ಯಾಕೆ ಬಿಟ್ಟೆವು, ಯಾರು ಯಾವಾಗ ಏನು ಮಾಡಬೇಕು. ಜೊತೆಗೆ ಹೆಚ್ಚಿನವರು ಬಿಟ್ಟುಬಿಡುವ ಎರಡು ಸಾಲು ಸೇರಿಸಿ. ಒಂದು, ಒಪ್ಪದವರ ವಾದ, ಅವರೇ ಓದಿ "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ. ಇನ್ನೊಂದು, ಏನಾದರೆ ಈ ತೀರ್ಮಾನವನ್ನು ಮತ್ತೆ ತೆರೆಯುತ್ತೇವೆ ಅನ್ನುವುದು. "ಮೊದಲ ತಾಲ್ಲೂಕಿನಲ್ಲಿ ಎರಡು ಬಟವಾಡೆಗಳಲ್ಲಿ ಐದಕ್ಕಿಂತ ಹೆಚ್ಚು ಡೈರಿಗಳ ಲೆಕ್ಕ ತಪ್ಪಿದರೆ ಮುಂದಿನ ತಾಲ್ಲೂಕಿಗೆ ಹೋಗುವುದಿಲ್ಲ" ಅಂತ ಸಂಖ್ಯೆ ಹಾಕಿಯೇ ಬರೆಯಿರಿ.

ಎರಡು ವಾರ ಬಿಟ್ಟು ಯಾರಾದರೂ "ಒಂದೇ ಸಲ ಮಾಡಿದ್ರೆ ಚೆನ್ನಾಗಿತ್ತು" ಅಂತ ಶುರು ಮಾಡಿದರೆ ಆ ಅರ್ಧ ಪುಟ ತೆರೆದು "ಅವತ್ತು ಗೊತ್ತಿಲ್ಲದ್ದು ಇವತ್ತು ಏನು ಗೊತ್ತಾಗಿದೆ?" ಅಂತ ಕೇಳಿ. ಹೊಸ ಮಾಹಿತಿ ಇದ್ದರೆ ಮತ್ತೆ ಕೂರಿ. ಇಲ್ಲದಿದ್ದರೆ ಕೆಲಸಕ್ಕೆ ವಾಪಸ್ ಹೋಗಿ.